ಇದು ಯಾವ ಮರ ಅಕ್ಕ?

ಪ್ರತಿ ವರ್ಷ ಫೆಬ್ರುವರಿಯಲ್ಲಿ ನನ್ನ ಇನ್‌ಸ್ಟಾಗ್ರಾಂ ಖಾತೆಗೆ ಜನ ಬರುತ್ತಾರೆ. ಏಪ್ರಿಲ್ ಕಳೆಯುವಷ್ಟರಲ್ಲಿ ಬಂದವರಲ್ಲಿ ಬಹಳಷ್ಟು ಜನ ಹೊರಟುಹೋಗುತ್ತಾರೆ. ಅವರು ಬರುವುದು ಟಬೂಬಿಯಾ ನೋಡಲಿಕ್ಕೆ. ಬೆಂಗಳೂರಿನ ಬೀದಿಗಳಲ್ಲಿ ಎಲೆಯನ್ನೆಲ್ಲ ಕಳಚಿಹಾಕಿ, ಮೈತುಂಬ ಗುಲಾಬಿ ಬಣ್ಣದ ಹೂ ಹೊತ್ತು ನಿಲ್ಲುತ್ತದಲ್ಲ, ಆ ಮರ. ನಾನು ದಿನಾ ಬೆಳಿಗ್ಗೆ ಜಯನಗರದ ಬೀದಿಗಳಲ್ಲಿ ನಡೆಯುವವಳು. ಕಣ್ಣಿಗೆ ಬಿದ್ದ ಹೂ, ಚಿಗುರು, ಕಾಯಿ, ತೊಗಟೆ ಎಲ್ಲದರ ಫೋಟೋ ತೆಗೆದು, ಕೆಳಗೆ ಕನ್ನಡದಲ್ಲಿ ಮರದ ಹೆಸರು ಬರೆದು ಹಾಕುತ್ತೇನೆ. ಟಬೂಬಿಯಾ ಹಾಕಿದ ದಿನ ಫೋನು ಪಕ್ಕದಲ್ಲಿಟ್ಟುಕೊಂಡು ತಿಂಡಿ ತಿನ್ನಲಾಗುವುದಿಲ್ಲ, ಅಷ್ಟು ಸದ್ದು. ಅದಾಗಿ ಕೆಲವು ವಾರಕ್ಕೆ, ಯುಗಾದಿ ಹತ್ತಿರವಾದಾಗ, ಹೊಂಗೆ ಚಿಗುರಿನ ಫೋಟೋ ಹಾಕುತ್ತೇನೆ. ಆ ದಿನ ತಿಂಡಿ ನೆಮ್ಮದಿಯಾಗಿ ಮುಗಿಯುತ್ತದೆ. ಹೊಂಗೆಗೆ ಹೀಗಾಗುವುದು ನನಗೆ ಇಷ್ಟವಿಲ್ಲ.

ಯಾಕೆಂದರೆ ಯುಗಾದಿಯ ಹೊಂಗೆಯನ್ನು ಎಷ್ಟು ನೋಡಿದರೂ ನನಗೆ ಸಾಲದು. ಊರೆಲ್ಲ ಬಿಸಿಲಿಗೆ ಬಾಡಿ ಕೂತಿರುವಾಗ ಅದೊಂದು ಎಳೆಹಸಿರನ್ನು ಎಲ್ಲಿಂದಲೋ ತಂದು ಹೊದ್ದುಕೊಂಡಿರುತ್ತದೆ. ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತವೆ. ಹೂ ಕಡಲೆಗಿಂತ ತುಸು ದೊಡ್ಡದು, ಬಿಳಿಗೆ ನೇರಳೆ ಬೆರೆತ ಬಣ್ಣ. ಕೊಂಬೆಯಲ್ಲಿ ಅದು ಕಾಣುವುದೇ ಕಡಿಮೆ. ಬುಡದಲ್ಲಿ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ, ಹೂ ಮಾರುವಾಕೆಯ ಕೊಡೆಯ ಮೇಲೆ ಉದುರಿ ಬಿದ್ದಾಗಲೇ ಓಹೋ ಹೂ ಬಿಟ್ಟಿದೆ ಎಂದು ತಿಳಿಯುವುದು. ಹಿಂದೆ ಇದರ ಬೀಜದೆಣ್ಣೆಯಲ್ಲಿ ಹಳ್ಳಿಯ ದೀಪ ಉರಿಯುತ್ತಿತ್ತು, ಇದರ ಸೊಪ್ಪು ಗದ್ದೆಗೆ ಗೊಬ್ಬರವಾಗುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಆಟೋದವರು, ಸೊಪ್ಪಿನ ಗಾಡಿಯವರು, ಕೊರಿಯರ್ ಹುಡುಗರು ಊಟದ ಡಬ್ಬಿ ಬಿಚ್ಚುವುದು ಹೊಂಗೆಯ ಅಡಿಯಲ್ಲಿ. ಟಬೂಬಿಯಾದ ಕೆಳಗೆ ಆ ಹೊತ್ತಿಗೆ ನೆರಳೇ ಇರುವುದಿಲ್ಲ.

ನನ್ನ ಅಣ್ಣನ ಮಗಳು ಒಂದು ಕಂಪನಿಯಲ್ಲಿ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬಂದವಳು ಹೋಳಿಗೆ ತಿನ್ನುತ್ತ ನನ್ನ ಖಾತೆಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಅತ್ತೆ, ಇಷ್ಟು ಚೆನ್ನಾಗಿ ಫೋಟೋ ತೆಗೀತೀರ, ಆದ್ರೆ ರೀಚೇ ಇಲ್ವಲ್ಲ" ಎಂದಳು. ಆಮೇಲೆ ಪಕ್ಕದಲ್ಲಿ ಕೂತು, ಮಗುವಿಗೆ ಮಗ್ಗಿ ಹೇಳಿಕೊಡುವ ತಾಳ್ಮೆಯಿಂದ ಒಂದೊಂದೇ ವಿವರಿಸಿದಳು. ಬರೀ ಫೋಟೋಗಿಂತ ರೀಲ್ ಹೆಚ್ಚು ಜನರನ್ನು ಮುಟ್ಟುತ್ತದೆ. ಮೊದಲ ಮೂರು ಸೆಕೆಂಡಿನಲ್ಲೇ ನೋಡುವವರನ್ನು ಹಿಡಿಯಬೇಕು, ಅದಕ್ಕೆ ಹುಕ್ ಎನ್ನುತ್ತಾರೆ. ಲೈಕ್ ಮಾಡಿ ಮುಂದೆ ಹೋಗುವವರಿಗಿಂತ ಸೇವ್ ಮಾಡಿಟ್ಟುಕೊಳ್ಳುವವರು, ಸ್ನೇಹಿತರಿಗೆ ಕಳಿಸುವವರು ಮುಖ್ಯ. ಕಾಮೆಂಟಿಗೆ ಬೇಗ ಉತ್ತರಿಸಬೇಕು. ವಾರಕ್ಕೆ ಇಷ್ಟು ಎಂದು ಲೆಕ್ಕ ಇಟ್ಟುಕೊಂಡು ತಪ್ಪದೆ ಹಾಕಬೇಕು. ಒಂದೇ ವಿಷಯಕ್ಕೆ ಅಂಟಿಕೊಂಡಿರಬೇಕು. "ಮರದ ವಿಷಯ ಬಿಟ್ಟು ಬೇರೆ ಹಾಕಲ್ವಲ್ಲ ನೀವು, ಅದೊಂದು ಮಾತ್ರ ಸರಿಯಾಗಿದೆ" ಎಂದು ಕೊನೆಯಲ್ಲಿ ಪಾಸು ಮಾಡಿದಳು.

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆ ಆ್ಯಪಿನ ಈಗಿನ ಮುಖ್ಯಸ್ಥ ಆಡಂ ಮೊಸ್ಸೇರಿ ಕೂಡ ಇದನ್ನೇ ಹೇಳುತ್ತ ಬಂದಿದ್ದಾರೆ: ಎಷ್ಟು ಹೊತ್ತು ನೋಡಿದರು, ಮೆಚ್ಚಿದರೇ, ಇನ್ನೊಬ್ಬರಿಗೆ ಕಳಿಸಿದರೇ ಎಂಬುದನ್ನು ಅವರ ಲೆಕ್ಕಾಚಾರ ಗಮನಿಸುತ್ತದೆ. 2010ರ ಅಕ್ಟೋಬರ್‌ನಲ್ಲಿ ಕೆವಿನ್ ಸಿಸ್ಟ್ರಾಂ, ಮೈಕ್ ಕ್ರೀಗರ್ ಎಂಬ ಇಬ್ಬರು ಇನ್‌ಸ್ಟಾಗ್ರಾಂ ಶುರುಮಾಡಿದಾಗ ಇದೊಂದೂ ಇರಲಿಲ್ಲ. ಚೌಕಾಕಾರದ ಒಂದು ಫೋಟೋ, ಅದರ ಮೇಲೆ ಹಳೆಯ ಬಣ್ಣದ ಒಂದು ಲೇಪ, ಕೆಳಗೆ ಒಂದು ಹೃದಯದ ಗುರುತು. ಆ ವರ್ಷದ ಜುಲೈನಲ್ಲಿ, ಆ್ಯಪ್ ಹೊರಬರುವ ಮೊದಲೇ, ಸಿಸ್ಟ್ರಾಂ ಹಾಕಿದ ಮೊದಮೊದಲ ಚಿತ್ರಗಳಲ್ಲಿ ಒಂದು ಮೆಕ್ಸಿಕೋದ ತಿಂಡಿ ಗಾಡಿಯ ಹತ್ತಿರ ಕೂತ ನಾಯಿಯದು, ಪಕ್ಕದಲ್ಲಿ ಚಪ್ಪಲಿ ತೊಟ್ಟ ಒಂದು ಕಾಲು. ಹಾಕಿದ ಹೊತ್ತಿನ ಸರದಿಯಲ್ಲೇ ಚಿತ್ರಗಳು ಎಲ್ಲರಿಗೂ ಕಾಣುತ್ತಿದ್ದವು. 2016ರಲ್ಲಿ ಆ ಸರದಿ ಹೋಯಿತು. ಯಾರಿಗೆ ಯಾವುದು ಹಿಡಿಸೀತು ಎಂದು ಯಂತ್ರವೇ ಊಹಿಸಿ ಸಾಲು ಜೋಡಿಸತೊಡಗಿತು. 2020ರ ಜೂನ್ ಕೊನೆಯಲ್ಲಿ ನಮ್ಮ ದೇಶ ಟಿಕ್‌ಟಾಕನ್ನು ನಿಷೇಧಿಸಿದ ಕೆಲವೇ ದಿನಕ್ಕೆ ರೀಲ್ಸ್ ಇಲ್ಲಿಗೆ ಬಂತು. ಅಲ್ಲಿಂದೀಚೆಗೆ ಅಲುಗಾಡದ ಚಿತ್ರಕ್ಕೆ ಸ್ವಲ್ಪ ಹಿಂದಿನ ಬೆಂಚು. ನನ್ನ ಹೊಂಗೆ ಅಲ್ಲಿ ಕೂತಿದೆ.

ಇದೆಲ್ಲ ಕೇಳುತ್ತಿರುವಾಗ ನನಗೆ ನೆನಪಾದದ್ದು ತಿಪಟೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ಒಂದು ಫೋಟೋ ಸ್ಟುಡಿಯೋ. ಅದರ ಬಾಗಿಲ ಪಕ್ಕ ಗಾಜಿನ ಶೋಕೇಸು. ಅದರೊಳಗೆ ಕಪ್ಪುಬಿಳುಪಿನ ದೊಡ್ಡ ಫೋಟೋಗಳು: ಬೋರಲು ಮಲಗಿ ತಲೆ ಎತ್ತಿದ ಮಗು, ಕನ್ನಡಕದ ಮೇಷ್ಟ್ರು, ಬಾಸಿಂಗ ಕಟ್ಟಿದ ಮದುಮಕ್ಕಳು, ನಾಟಕದ ವೇಷದ ದುರ್ಯೋಧನ. ತಿಂಗಳಿಗೋ ಎರಡು ತಿಂಗಳಿಗೋ ಸ್ಟುಡಿಯೋದವರು ಅವನ್ನು ಬದಲಿಸುತ್ತಿದ್ದರು. ಬಸ್ಸಿಗೆ ಕಾಯುವವರಿಗೆ ಅದೇ ಹೊತ್ತು ಕಳೆಯುವ ಜಾಗ. ಬದಲಾದ ದಿನ ಗಾಜಿನ ಮುಂದೆ ಗುಂಪು ಸ್ವಲ್ಪ ದೊಡ್ಡದಿರುತ್ತಿತ್ತು.

ಒಂದು ಬೇಸಿಗೆಯಲ್ಲಿ ನನ್ನ ಅಕ್ಕನಿಗೆ ಮೊಗ್ಗಿನ ಜಡೆ ಹಾಕಿಸಿದರು. ಬೆಳಿಗ್ಗೆಯಿಂದ ಅಮ್ಮ, ಪಕ್ಕದ ಮನೆಯವರು ಕೂತು ಒಂದೇ ಅಳತೆಯ ಮಲ್ಲಿಗೆ ಮೊಗ್ಗುಗಳನ್ನು ಆರಿಸಿ ಪೋಣಿಸಿದ್ದು, ನಡುನಡುವೆ ಕನಕಾಂಬರ, ತುದಿಗೆ ಕುಚ್ಚು. ಮೊಗ್ಗು ಅರಳುವ ಮೊದಲೇ ಫೋಟೋ ಆಗಬೇಕೆಂದು ಮೂರು ಗಂಟೆಗೆಲ್ಲ ಸ್ಟುಡಿಯೋಗೆ ಓಡಿದೆವು. ಅಲ್ಲಿ ಆಳೆತ್ತರದ ಒಂದು ಕನ್ನಡಿ ಇತ್ತು. ಅಕ್ಕನನ್ನು ಮುಖ ಕ್ಯಾಮೆರಾಕ್ಕೆ, ಬೆನ್ನು ಕನ್ನಡಿಗೆ ಮಾಡಿ ನಿಲ್ಲಿಸಿ, ಕನ್ನಡಿಯನ್ನು ಅತ್ತಿತ್ತ ಓರೆ ಮಾಡುತ್ತ ಸ್ಟುಡಿಯೋದವರು ಬಹಳ ಹೊತ್ತು ತೆಗೆದುಕೊಂಡರು. ಒಂದೇ ಚಿತ್ರದಲ್ಲಿ ಮುಖವೂ ಬರಬೇಕು, ಜಡೆಯೂ ಪೂರ್ತಿ ಬರಬೇಕು. ಅಕ್ಕ ಆ ದಿನವೆಲ್ಲ ಜಡೆಯ ಭಾರ ಹೊತ್ತು ಕುತ್ತಿಗೆ ನೋವೆನ್ನುತ್ತಿದ್ದಳೇ ಹೊರತು ಅದು ಹೇಗಿದೆ ಎಂದು ಅವಳೇ ಸರಿಯಾಗಿ ನೋಡಿರಲಿಲ್ಲ. ವಾರ ಕಳೆದು ಫೋಟೋ ಕೈಗೆ ಬಂದಾಗ, "ಇಷ್ಟು ಚೆನ್ನಾಗಿತ್ತಾ!" ಎಂದು ಕಣ್ಣರಳಿಸಿದಳು.

ಆ ಫೋಟೋ ಶೋಕೇಸಿಗೆ ಏರಿತು. ಅದಾದ ಮೇಲೆ ನಮ್ಮ ಮನೆಯ ದಿನಚರಿಯೇ ಬದಲಾಯಿತು. ಅಜ್ಜಿ ಬಂದ ನೆಂಟರನ್ನೆಲ್ಲ ಬಸ್ ಹತ್ತಿಸುವ ನೆಪದಲ್ಲಿ ಅರ್ಧ ಗಂಟೆ ಮುಂಚೆಯೇ ಹೊರಡಿಸುತ್ತಿದ್ದಳು. ಕೊಬ್ಬರಿ ಮಂಡಿಗೆ ಬಂದವರು ಅಪ್ಪನನ್ನು ನಿಲ್ಲಿಸಿ, "ಅದು ನಿಮ್ಮ ಹುಡುಗಿಯಂತಲ್ಲ ಸ್ವಾಮಿ" ಎಂದು ಕೇಳುತ್ತಿದ್ದರು. ತರಕಾರಿಯವಳು ಆ ಕುಚ್ಚನ್ನು ಕಟ್ಟುವುದು ಹೇಗೆಂದು ಅಮ್ಮನ ಹತ್ತಿರ ಕಲಿತು ತನ್ನ ಮಗಳಿಗೆ ಕಟ್ಟಿದಳು. ಕೆಲವು ದಿನ ಕಳೆದ ಮೇಲೆ ಅಜ್ಜಿಗೇ ದಿಗಿಲಾಗಿ, "ಕಂಡವರ ಕಣ್ಣೆಲ್ಲ ಮಗು ಮೇಲೆ ಬಿತ್ತು, ಸಾಕು ತೆಗೆಸ್ರಪ್ಪ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಸೊಸೆ ರೀಚ್ ಎಂದಾಗಲೆಲ್ಲ ನನಗೆ ಆ ಮೆಣಸಿನಕಾಯಿಯ ಘಾಟು ಮೂಗಿಗೆ ಬರುತ್ತದೆ. ಆ ಶೋಕೇಸನ್ನು ನೋಡಿದವರಲ್ಲಿ ಬಹಳ ಜನ ನಮ್ಮ ಕಣ್ಣೆದುರೇ ನೋಡಿದರು. ಯಾರು ನಿಂತರು, ಏನು ಕೇಳಿದರು, ಕೇಳಿ ಏನು ಮಾಡಿದರು ಎಂಬುದೆಲ್ಲ ಸಂಜೆಯೊಳಗೆ ಮನೆಗೆ ಬರುತ್ತಿತ್ತು.

ಫೋನಿನಲ್ಲಿ ನೋಡುವವರ ಮುಖ ಕಾಣುವುದಿಲ್ಲ, ಸಂಖ್ಯೆ ಮಾತ್ರ ಕಾಣುತ್ತದೆ. ಆ ಸಂಖ್ಯೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ 2019ರ ಜನವರಿಯಲ್ಲಿ ಒಂದು ಮೊಟ್ಟೆ ಸಾಕ್ಷಿಯಾಯಿತು. ಯಾರೋ ಒಂದು ಸಾಧಾರಣ ಕೋಳಿಮೊಟ್ಟೆಯ ಫೋಟೋ ಹಾಕಿ, ಇನ್‌ಸ್ಟಾಗ್ರಾಂನಲ್ಲಿ ಅತಿ ಹೆಚ್ಚು ಮೆಚ್ಚುಗೆ ಪಡೆದ ಚಿತ್ರ ಇದೇ ಆಗಲಿ ಎಂದು ಕೇಳಿಕೊಂಡರು. ಅಷ್ಟರವರೆಗೆ ದಾಖಲೆ ಇದ್ದದ್ದು ಕೈಲಿ ಜೆನ್ನರ್ ಎಂಬಾಕೆ ಹಾಕಿದ ಮಗುವಿನ ಚಿತ್ರದ ಹೆಸರಲ್ಲಿ, 1 ಕೋಟಿ 80 ಲಕ್ಷದಷ್ಟು ಲೈಕು. ಹತ್ತೇ ದಿನಗಳಲ್ಲಿ ಮೊಟ್ಟೆ ಅದನ್ನು ದಾಟಿತು. ತಿಂಗಳಾಗುವಷ್ಟರಲ್ಲಿ ಅದರ ಹಿಂದಿದ್ದವರು ಆ ಜನಸಂದಣಿಯ ಮುಂದೆ ನಿಂತು ಒಂದು ಮಾತು ಹೇಳಿದರು: ಸೋಷಿಯಲ್ ಮೀಡಿಯಾದ ಒತ್ತಡದಿಂದ ಮನಸ್ಸು ಬಿರುಕು ಬಿಡುತ್ತಿದ್ದರೆ ಯಾರೊಂದಿಗಾದರೂ ಮಾತಾಡಿ. ಅಷ್ಟು ಕೋಟಿ ಕಣ್ಣು ಸೇರಿದಾಗ ಅವರಿಗೆ ಹೇಳಬೇಕೆನಿಸಿದ್ದು ಇದು. ನನಗೆ ಆ ಮೊಟ್ಟೆಯ ಮೇಲೆ ಗೌರವ ಬಂದದ್ದು ದಾಖಲೆಗಾಗಿ ಅಲ್ಲ, ಈ ಮಾತಿಗಾಗಿ. ಅದಾಗಿ ಎರಡು ವರ್ಷಕ್ಕೆ, 2021ರಲ್ಲಿ, ಲೈಕಿನ ಎಣಿಕೆ ಬೇಡವೆನಿಸಿದರೆ ಮರೆಮಾಡುವ ಅವಕಾಶವನ್ನು ಇನ್‌ಸ್ಟಾಗ್ರಾಂ ಎಲ್ಲರಿಗೂ ಕೊಟ್ಟಿತು. ನಾನು ನನ್ನ ಚಿತ್ರಗಳಿಗೆ ಮರೆಮಾಡಿಟ್ಟಿದ್ದೇನೆ. ಹೊಂಗೆಯನ್ನೂ ಟಬೂಬಿಯಾವನ್ನೂ ಜನ ಅಕ್ಕಪಕ್ಕ ತೂಗುವುದು ಬೇಡ.

ಕಾಮೆಂಟುಗಳನ್ನು ಮಾತ್ರ ಒಂದೂ ಬಿಡದೆ ಓದುತ್ತೇನೆ. ಅಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, "ಇದು ಯಾವ ಮರ ಅಕ್ಕ?" ಎನ್ನುವುದು. ಬೆಂಕಿಯ ಗುರುತು, ಚಪ್ಪಾಳೆಯ ಗುರುತು ಬೆರಳಿನ ತುದಿಯಿಂದ ಬರುತ್ತವೆ. ಈ ಪ್ರಶ್ನೆ ಬರುವುದು ನಿಂತು ನೋಡಿದವರಿಂದ. ಒಮ್ಮೆ ಆಕಾಶಮಲ್ಲಿಗೆಯ ಚಿತ್ರ ಹಾಕಿದ್ದೆ. ಉದ್ದ ತೊಟ್ಟಿನ ಬಿಳಿ ಹೂ, ಮಳೆಗಾಲ ಮುಗಿಯುವ ಹೊತ್ತಿಗೆ ರಾತ್ರಿಯಲ್ಲಿ ಅರಳಿ ಬೆಳಿಗ್ಗೆ ರಸ್ತೆ ತುಂಬ ಬಿದ್ದಿರುವುದು. ವಿಜಯನಗರದ ಒಬ್ಬರು ಹೆಸರು ಕೇಳಿದರು. ಹೇಳಿದೆ. ಮರುದಿನ ಅವರು ಬರೆದರು: ನಮ್ಮ ಮನೆಯೆದುರೇ ಈ ಮರ ಇದೆ, ಮಕ್ಕಳು ಹುಟ್ಟುವ ಮೊದಲಿನಿಂದ ಅದರ ಕಸ ಗುಡಿಸುತ್ತಿದ್ದೇನೆ, ರಾತ್ರಿ ಬರುವ ಪರಿಮಳ ಪಕ್ಕದ ಮನೆಯ ಬಳ್ಳಿಯದೆಂದುಕೊಂಡಿದ್ದೆ, ನಿನ್ನೆ ಮೊದಲ ಸಲ ತಲೆಯೆತ್ತಿ ನೋಡಿದೆ. ಅದನ್ನು ಓದಿದಾಗ ಸ್ಟುಡಿಯೋದ ಆ ಆಳೆತ್ತರದ ಕನ್ನಡಿ ಯಾಕಿತ್ತೆಂದು ನನಗೆ ಪೂರ್ತಿ ಅರ್ಥವಾಯಿತು. ತಾನೇ ಹೊತ್ತ ಜಡೆ ತನಗೆ ಕಾಣುವುದಿಲ್ಲ. ಯಾರಾದರೂ ಕನ್ನಡಿಯನ್ನು ಸರಿಯಾಗಿ ಓರೆ ಮಾಡಬೇಕು.

ಆಮೇಲಿಂದ ಈ ಪ್ರಶ್ನೆಗೆ ಉತ್ತರಿಸುವುದನ್ನು ಕಾಫಿಯಷ್ಟೇ ನಿಷ್ಠೆಯಿಂದ ಮಾಡುತ್ತೇನೆ. ಸೊಸೆಯ ಪಾಠದಲ್ಲಿ ಅದಕ್ಕೆ ಎಂಗೇಜ್‌ಮೆಂಟ್ ಎಂದು ಹೆಸರಿದೆ, ಇರಲಿ. ಬಸ್ ಕಂಡಕ್ಟರೊಬ್ಬರು ತಮ್ಮ ಡಿಪೋದ ಮಳೆಮರದ ಚಿತ್ರ ಕಳಿಸಿದರು. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದಲ್ಲ ಯಾಕೆ ಎಂದು ಅವರ ಪ್ರಶ್ನೆ. ದುಬೈನಲ್ಲಿರುವ ಒಬ್ಬ ಕನ್ನಡದ ನರ್ಸ್ ನನ್ನ ಹೊಂಗೆಯನ್ನು ಸೇವ್ ಮಾಡಿಟ್ಟುಕೊಂಡಿದ್ದಾರೆ. ಅಲ್ಲಿ ಎಲ್ಲ ಮರಕ್ಕೂ ಪೈಪಿನಲ್ಲಿ ನೀರು ಬಿಡಬೇಕು, ತನ್ನಷ್ಟಕ್ಕೆ ಚಿಗುರುವ ಮರ ನೋಡಬೇಕೆನಿಸಿದಾಗ ಇದನ್ನು ತೆಗೆದು ನೋಡುತ್ತೇನೆ ಎಂದರು. ಏಪ್ರಿಲ್ ಕಳೆದರೂ ಹೊರಟುಹೋಗದೆ ಉಳಿಯುವವರು ಇವರು. ಒಂದು ಸಲ ಕೇಳಿ ಉತ್ತರ ಪಡೆದವರು ಇನ್ನೊಬ್ಬರ ಪ್ರಶ್ನೆಗೆ ತಾವೇ ಉತ್ತರ ಕೊಡತೊಡಗುತ್ತಾರೆ. ನಾನು ಕುಕ್ಕರ್ ಇಳಿಸಿ ಬರುವಷ್ಟರಲ್ಲಿ, "ಅದು ಬಸವನಪಾದ ಕಣಮ್ಮ, ಎಲೆ ನೋಡು, ಎತ್ತಿನ ಗೊರಸಿನ ಹಾಗೇ ಇಲ್ವಾ" ಎಂದು ಯಾರೋ ಬರೆದಿರುತ್ತಾರೆ.

ತಪ್ಪದೆ ಹಾಕುತ್ತಿರಬೇಕು ಎಂದಳಲ್ಲ ಸೊಸೆ, ಅದನ್ನು ಈ ಊರಿನ ಬೀದಿಗಳಲ್ಲಿ ನೂರು ವರ್ಷದ ಹಿಂದೆಯೇ ಒಬ್ಬರು ಮಾಡಿಟ್ಟುಹೋಗಿದ್ದಾರೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಕ್ಕೆ ಬಂದು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತವರು. ಬೆಂಗಳೂರಿನಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದರ ಹೂ ಶುರುವಾಗಬೇಕು, ವರ್ಷದ ಯಾವ ತಿಂಗಳಲ್ಲೂ ಯಾವುದಾದರೂ ಬೀದಿ ಹೂ ಹೊತ್ತಿರಬೇಕು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸಿದ್ದು ಅವರೇ ಎನ್ನುತ್ತಾರೆ. ಜಕರಾಂಡದ ನೇರಳೆ ಇಳಿಯುವ ಹೊತ್ತಿಗೆ ಗುಲ್‌ಮೊಹರಿನ ಕೆಂಪು ಏರುತ್ತದೆ, ಅದರ ಜೊತೆಗೇ ಕಕ್ಕೆಯ ಹಳದಿ ಗೊಂಚಲು, ಹೊಳೆದಾಸವಾಳ. ಮಳೆ ಹಿಂದೆಗೆದ ಮೇಲೆ ಆಕಾಶಮಲ್ಲಿಗೆ, ನೀರುಕಾಯಿ ಮರದ ಕಿತ್ತಳೆ. 1980ರ ದಶಕದಲ್ಲಿ ಊರು ಹಿಗ್ಗಿ ಹೊಸ ಬಡಾವಣೆಗಳು ಬಿಸಿಲಲ್ಲಿ ನಿಂತಾಗ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ತಮ್ಮ ತಂಡದೊಂದಿಗೆ ಸುಮಾರು 15 ಲಕ್ಷ ಗಿಡ ನೆಟ್ಟರು. ಇಂದು ನಾನು ಫೋಟೋ ತೆಗೆಯುವ ಮರಗಳಲ್ಲಿ ಬಹಳಷ್ಟು ಆ ಕಾಲದವು. ನೆಡುವಾಗ ಅವರಿಗೆ ನೋಡುವವರು ಎಷ್ಟು ಜನ ಎಂಬ ಲೆಕ್ಕ ಇರಲಿಲ್ಲ. ನೋಡಬೇಕಾದವರು ಇನ್ನೂ ಹುಟ್ಟಿರಲಿಲ್ಲ.

ಕಾಮೆಂಟಿನಲ್ಲಿ ಬರುವ ಇನ್ನೊಂದು ಪ್ರಶ್ನೆ "ಲೊಕೇಶನ್ ಪ್ಲೀಸ್". ಟಬೂಬಿಯಾಕ್ಕಾದರೆ ನಿಸ್ಸಂಕೋಚವಾಗಿ ಹೇಳುತ್ತೇನೆ. ಕಬ್ಬನ್ ಪಾರ್ಕಿಗೆ ಹೋಗಿ, ಜಯನಗರಕ್ಕೆ ಬನ್ನಿ. ಬೀದಿಯ ಮರ ಎಷ್ಟು ಕಣ್ಣನ್ನಾದರೂ ತಾಳಿಕೊಳ್ಳುತ್ತದೆ. ಬೆಟ್ಟ ತಾಳಿಕೊಳ್ಳುವುದಿಲ್ಲ. 2022ರಲ್ಲಿ ಚಂದ್ರದ್ರೋಣ ಗಿರಿಯಲ್ಲಿ ಕುರಿಂಜಿ ಅರಳಿದಾಗ, 12 ವರ್ಷಕ್ಕೊಮ್ಮೆ ಬರುವ ಆ ನೀಲಿಯ ನಡುವೆ ಫೋಟೋಗಾಗಿ ಜನ ನುಗ್ಗಿದರು, ಗಿಡ ತುಳಿದರು, ಕಿತ್ತು ಕೈಯಲ್ಲಿ ಹಿಡಿದು ನಿಂತರು. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾವಿರಾರು ಜನ ಸಾಲುಗಟ್ಟಿದ ವಿಡಿಯೋ ಎಲ್ಲರ ಫೋನಿಗೂ ಬಂತು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣದ ಹಾದಿಗಳನ್ನು ಸರ್ಕಾರ ಆಗ ಕೆಲಕಾಲ ಮುಚ್ಚಬೇಕಾಯಿತು. ಗುಂಡ್ಲುಪೇಟೆಯ ಕಡೆ ಹೆದ್ದಾರಿಯ ಪಕ್ಕದ ಸೂರ್ಯಕಾಂತಿ ಹೊಲಗಳ ಕತೆ ಇನ್ನೊಂದು ಬಗೆ. ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳಲು ಕಾರು ನಿಲ್ಲಿಸುವವರು ಹೆಚ್ಚಾದಾಗ ರೈತರು ಹೊಲದ ಬದುವಿನಲ್ಲಿ ನಿಂತು ತಲೆಗಿಷ್ಟು ಎಂದು ವಸೂಲಿ ಮಾಡತೊಡಗಿದರು. ಅವರು ಮಾಡಿದ್ದು ನ್ಯಾಯ. ತುಳಿದ ಗಿಡಕ್ಕೆ ಎಣ್ಣೆಬೀಜದ ಬೆಲೆ ಕೊಡುವವರು ಯಾರು? ಹಾಗಾಗಿ ಕಾಡಿನ, ಬೆಟ್ಟದ, ಹಕ್ಕಿ ಗೂಡಿಟ್ಟ ಮರದ ಚಿತ್ರ ಹಾಕಿದಾಗ ನಾನು ಜಾಗ ಹೇಳುವುದಿಲ್ಲ. ಕೇಳಿದವರಿಗೆ ಕಾರಣ ಬರೆಯುತ್ತೇನೆ. ಕೆಲವರು ಮುನಿಸಿಕೊಂಡು ಹೋಗುತ್ತಾರೆ, ಕೆಲವರು ಒಪ್ಪುತ್ತಾರೆ. ಜನ ಸೇರಿಸುವುದು ಎಷ್ಟು ಮುಖ್ಯವೋ, ಸೇರಿದ ಜನ ಎಲ್ಲಿ ಕಾಲಿಡುತ್ತಾರೆ ಎಂದು ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಈ ಸಲ ಸೊಸೆಯ ಮಾತು ಕೇಳಿ ಒಂದು ರೀಲ್ ಮಾಡಿದೆ. ಅವಳೇ ಹಿಡಿದುಕೊಂಡಳು. ಹಾಡು ಬೇಡವೆಂದೆ. ಹೊಂಗೆಯ ಬುಡದಲ್ಲಿ ನಿಂತರೆ ತಲೆಯ ಮೇಲೆ ಜೇನುನೊಣಗಳ ಒಂದೇ ಸಮನೆ ಗುಂಯ್ ಎನ್ನುವ ಸದ್ದಿರುತ್ತದೆ, ಮೊದಲ ಮೂರು ಸೆಕೆಂಡಿಗೆ ಅದನ್ನೇ ಇಟ್ಟೆವು. ಆಮೇಲೆ ನಿಧಾನಕ್ಕೆ ಫೋನು ಮೇಲೆತ್ತಿ ಚಿಗುರು ತೋರಿಸಿ, ಕೆಳಗಿಳಿಸಿ ಆಟೋದವರ ಊಟದ ಡಬ್ಬಿ ತೋರಿಸಿದೆವು. ಅವರನ್ನು ಕೇಳಿಯೇ ತೆಗೆದದ್ದು. ಒಬ್ಬರು, "ಮರ ಚೆನ್ನಾಗ್ ಬರ್ಲಿ ಮೇಡಂ, ನಮ್ಮುಖ ಬರ್ದಿದ್ರೂ ಪರ್ವಾಗಿಲ್ಲ" ಎಂದರು. ಟಬೂಬಿಯಾದಷ್ಟು ಜನ ಬರಲಿಲ್ಲ. ಬಂದವರು ಮಾತ್ರ ಅದನ್ನು ಮನೆಯವರಿಗೆ, ಊರಿನವರಿಗೆ ಕಳಿಸಿದರು. "ನಮ್ಮ ತೋಟದ ಬೇಲಿಯಲ್ಲೂ ಇದೆ", "ನಮ್ಮ ಶಾಲೆ ಮುಂದೆ ಇತ್ತು, ರಸ್ತೆ ಅಗಲ ಮಾಡುವಾಗ ಕಡಿದರು" ಎಂದು ಬರೆದರು. ಕಡಿದ ಮರಗಳ ಬಗ್ಗೆ ಬರೆದವರು ಅನೇಕರು. ಹೆಸರು ಗೊತ್ತಿದ್ದ ಮರ ಹೋದಾಗ ಅದು ಹೋಯಿತೆಂದು ತಿಳಿಯುತ್ತದೆ, ಹೆಸರು ಗೊತ್ತಿಲ್ಲದ್ದು ಹೋದರೆ ಬಿಸಿಲು ಜಾಸ್ತಿಯಾಯಿತು ಎಂದಷ್ಟೇ ಅನಿಸುತ್ತದೆ. ಒಂದು ಖಾತೆ ಬೆಳೆಯಿತೆಂದು ನಾನು ಒಪ್ಪುವುದು, ಅದನ್ನು ನೋಡಿದವರು ಫೋನು ಕೆಳಗಿಟ್ಟು ತಮ್ಮ ಬೀದಿಯನ್ನು ನೋಡತೊಡಗಿದಾಗ.

ನೀವೂ ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ನಿಮ್ಮ ಗೇಟಿನಿಂದ ಬಸ್ ಸ್ಟಾಪಿನವರೆಗೆ ಇರುವ ಮರಗಳನ್ನು ನೋಡುತ್ತ ಹೋಗಿ. ಹೆಸರು ಗೊತ್ತಿಲ್ಲದ್ದು ಸಿಕ್ಕರೆ ಎಲೆಯದೊಂದು, ಹೂವೋ ಕಾಯೋ ಇದ್ದರೆ ಅದರದೊಂದು, ತೊಗಟೆಯದೊಂದು ಫೋಟೋ ತೆಗೆಯಿರಿ. ಎಲೆ ಒಂದರಿಂದ ಹೇಳುವುದು ಕಷ್ಟ, ಮೂರೂ ಇದ್ದರೆ ಸುಲಭ. ನಿಮ್ಮ ಖಾತೆಯಲ್ಲೇ ಹಾಕಿ ಕೇಳಿ. ಓದುವವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ. ಗೊತ್ತಾದ ಮೇಲೆ ಆ ಹೆಸರನ್ನು ನಿಮ್ಮ ಬೀದಿಯ ಮಕ್ಕಳಿಗೂ ಹೇಳಿಕೊಡಿ.